ಉರುಕುಂದಮ್ಮನ ದಿನಕ್ಕೊಂದು ಸೂಜಿ

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನನಗೆ ಎರಡು ಚಟ ಉಳಿದಿವೆ. ಯಾವ ಬಸುರಿ ಎದುರು ಬಂದರೂ ಮೊದಲು ಅವಳ ಕಾಲು ನೋಡುತ್ತೇನೆ, ಬಾವು ಬಂದಿದೆಯೋ ಎಂದು. ನರ್ಸಿಂಗ್ ಓದುವ ಹುಡುಗಿಯರು ಸಿಕ್ಕರೆ ಹಿಡಿದು ಕೂರಿಸಿ ಬುದ್ಧಿ ಹೇಳುತ್ತೇನೆ. ಬಸುರಿಯರು ಹೇಗೋ ಸಹಿಸುತ್ತಾರೆ. ಹುಡುಗಿಯರು ಮಾತ್ರ ನನ್ನ ಮಾತು ಅರ್ಧಕ್ಕೆ ಬರುವ ಮೊದಲೇ ಮೊಬೈಲ್ ತೆಗೆಯುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವವರು ಓದಲಿ, ಬೇಡದವರು ತಾವೇ ತಪ್ಪು ಮಾಡಿ ಕಲಿಯಲಿ. ನಾನು ಕಲಿತದ್ದೂ ಹಾಗೆಯೇ.

ನಾನು ತೆಲುಗು ಸೀಮೆಯ ಗಡಿಯ ಆಲೂರಿನವಳು. ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದ್ದ ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದೆ. ಹತ್ತಿಯ ಕಾಲದಲ್ಲಿ ಜಿನ್ನಿಂಗ್ ಮಿಲ್ಲುಗಳಿಂದ ಹಾರಿ ಬರುವ ಎಳೆ ಕಿಟಕಿಯ ಜಾಲರಿಗೆ ಅಂಟುತ್ತಿತ್ತು. ದಿನಕ್ಕೆರಡು ಸಲ ಒರೆಸದಿದ್ದರೆ ನಮ್ಮ ಡಾಕ್ಟರಮ್ಮ ಕೂಗಾಡುತ್ತಿದ್ದರು. ಅವರನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೆ ಕನ್ನಡ. ನನಗೆ ಕಿವಿಗೆ ಬಿದ್ದದ್ದು ಹೆಚ್ಚಾಗಿ ತೆಲುಗೇ. ನಾನು ಯಾವಾಗ ಹೆಡ್ ಸಿಸ್ಟರ್ ಆದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿ ಬೇಡ. ಆ ಹಾರ ಸಂಜೆಗೇ ಬಾಡಿತು.

ನಾನು ಸೇರಿದ ಕಾಲದಲ್ಲಿ ಮೇಲಿಂದ ಮೇಲೆ ಬಸುರು ಇಳಿದುಹೋಗುವ ಹೆಂಗಸರಿಗೆ ನಮ್ಮ ಹತ್ತಿರ ಇದ್ದ ಔಷಧಿ ಒಂದೇ, "ಮಲಕ್ಕೋ ತಾಯಿ, ಏಳಬ್ಯಾಡ." ಮಂಚದ ಕಾಲಿನ ಕಡೆಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸುತ್ತಿದ್ದೆವು. ಇಟ್ಟಿಗೆಯ ಮೇಲೆ ಮಲಗಿದವರ ಕೂಸೂ ಹೋಗುತ್ತಿತ್ತು. ದರ್ಗಾದ ತಾಯಿತ, ಹನುಮಪ್ಪನ ಗುಡಿಯ ದಾರ, ನಮ್ಮ ಇಟ್ಟಿಗೆ, ಮೂರೂ ಒಂದೇ ದರ್ಜೆಯವು. ಕೆಲವರ ರಕ್ತದಲ್ಲೇ ಒಂದು ದೋಷವಿರುತ್ತದೆ, ಅದನ್ನು ಪರೀಕ್ಷೆ ಮಾಡಿ ಹಿಡಿಯಬಹುದು, ಹಿಡಿದರೆ ಕೂಸನ್ನು ಉಳಿಸಿಕೊಳ್ಳಬಹುದು ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ಅರ್ಧ ಸರ್ವಿಸ್ ಮುಗಿದಿತ್ತು. ಅದು ಮನಸ್ಸಿಗೆ ನಾಟಿದ್ದು ಉರುಕುಂದಮ್ಮನಿಂದ.

ಉರುಕುಂದಮ್ಮ ಕೋಸಗಿಯಿಂದಾಚೆಗಿನ ಒಂದು ಹಳ್ಳಿಯವಳು. ಮೊದಲ ಸಲ ಬಂದಾಗ ಐದು ತಿಂಗಳು ತುಂಬಿತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ಕಡ್ಡಿಯಂಥ ಕೈಕಾಲು. ಜೊತೆಗೆ ಅತ್ತೆ ತಿಮ್ಮಕ್ಕ, ಗಂಡ ಮಲ್ಲಯ್ಯ. ಮನೆಮಂದಿಯೆಲ್ಲ ವರ್ಷದಲ್ಲಿ ನಾಲ್ಕು ತಿಂಗಳು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವವರು.

ನಾನು ಕೇಸ್ ಶೀಟ್ ತೆಗೆದು ಎಂದಿನಂತೆ ಕೇಳಿದೆ. "ಎಷ್ಟನೇದವ್ವಾ ಇದು?"

ಆಕೆ ಅತ್ತೆಯ ಮುಖ ನೋಡಿದಳು.

"ಮೊದಲ್ನೇದು ಅಂತ ಬರ್ಕೋರಿ," ಅಂದಳು ತಿಮ್ಮಕ್ಕ.

ಮೊದಲನೆಯದು ಎಂದು ಬರೆದೆ. 'ಅಂತ ಬರ್ಕೋರಿ' ಎಂದರೆ ಏನು ಅಂತ ಯೋಚಿಸಲಿಲ್ಲ. ಹೊರಗೆ ಇನ್ನೂ ಹದಿನೈದು ಜನ ಸಾಲಿನಲ್ಲಿದ್ದರು. ಆದರೆ ಸಾಲಿನ ನೆಪ ಹೇಳಿದರೆ ನನ್ನ ತಪ್ಪು ಕಡಿಮೆಯಾಗುವುದಿಲ್ಲ.

ಎರಡನೆಯ ತಪ್ಪು ಮೂರು ದಿನದ ಮೇಲೆ. ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಗಳಲ್ಲಿ ಲೈಂಗಿಕ ರೋಗದ್ದೂ ಒಂದು ಇರುತ್ತದೆ. ಉರುಕುಂದಮ್ಮನದು ಪಾಸಿಟಿವ್ ಬಂತು. ಅದೂ ಅಷ್ಟಕ್ಕಷ್ಟೇ, ತೀರಾ ತೆಳುವಾಗಿ. ಅಂಥ ಫಲಿತಾಂಶ ಬಂದರೆ ಇನ್ನೊಂದು ಬಗೆಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು ಎಂದು ನಮಗೆ ಕಲಿಸಿದ್ದರು. ನನಗೆ ಖಾತ್ರಿ ಬೇಕಿರಲಿಲ್ಲ, ನನ್ನ ತಲೆಯೊಳಗೇ ಅದು ಸಿದ್ಧವಿತ್ತು. ಊರೂರು ಸುತ್ತಿ ಕೂಲಿ ಮಾಡುವ ಗಂಡಸು, ಮತ್ತೇನಿರುತ್ತದೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮಲ್ಲಯ್ಯನನ್ನು ಔಷಧಿ ಕೋಣೆಯ ಬಾಗಿಲಿಗೆ ಕರೆದು ಬೈದೆ. ಮೆಲ್ಲಗೆ ಬೈದರೂ ನನ್ನ ಮೆಲ್ಲನೆಯ ದನಿ ಓಣಿಯ ತುದಿಗೆ ಕೇಳುತ್ತದೆ.

"ಗುಂಟೂರಿಗಿ ಮೆಣಸಿನಕಾಯಿ ಬಿಡಸಾಕ ಹೋಗಿದ್ದೇನು, ಮತ್ತೇನರ ಮಾಡಾಕ ಹೋಗಿದ್ದೇನು? ಹೊಟ್ಯಾಗಿನ ಕೂಸಿಗೂ ಹಚ್ಚೀಯಲ್ಲೋ!"

ಅವನು ಬೆಪ್ಪಾಗಿ ನಿಂತ. "ಈರಣ್ಣಸ್ವಾಮಿ ಆಣೆ ರೀ ಸಿಸ್ಟರಮ್ಮ, ನಾನು ಅಂಥಾವ ಅಲ್ಲ."

"ಎಲ್ಲಾರೂ ಹಿಂಗ ಆಣೆ ಮಾಡ್ತಾರ," ಅಂದೆ.

ಕಾರಿಡಾರಿನಲ್ಲಿ ಕೂತವರು ಕತ್ತೆತ್ತಿ ನೋಡಿದರು. ತಿಮ್ಮಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಡಹೆಂಡತಿ ಇಬ್ಬರಿಗೂ ಪೆನಿಸಿಲಿನ್ ಚುಚ್ಚಿ ಕಳಿಸಿದೆ. ನನ್ನ ಕೆಲಸ ನಾನು ಸರಿಯಾಗಿ ಮಾಡಿದೆನೆಂಬ ಹೆಮ್ಮೆ ಬೇರೆ. ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ನಾಲ್ಕು ಜನರ ಮುಂದೆ ಮಾನ ಹೋದ ಮೇಲೆ ಯಾವ ಗಂಡಸು ಬಂದಾನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಏಳನೆಯ ತಿಂಗಳು ಮುಗಿಯುವಾಗ ಒಂದು ಬೆಳಿಗ್ಗೆ ಆಟೋದಲ್ಲಿ ಬಂದರು. ಎರಡು ದಿನದಿಂದ ಕೂಸು ಅಲುಗಾಡಿಲ್ಲ. ನಾನು ಹೊಟ್ಟೆಯ ಮೇಲೆ ಎಲ್ಲೆಲ್ಲಿ ಹುಡುಕಿದರೂ ಎದೆಬಡಿತ ಸಿಗಲಿಲ್ಲ. ಉರುಕುಂದಮ್ಮನ ಬಿ.ಪಿ. ಏರಿತ್ತು, ಮುಖ ಊದಿತ್ತು. ಮಧ್ಯಾಹ್ನ ಆಕೆ ಸತ್ತ ಗಂಡುಕೂಸನ್ನು ಹಡೆದಳು. ಬಾಗಿಲಲ್ಲಿ ತಿಮ್ಮಕ್ಕ ಎದೆ ಬಡಿದುಕೊಂಡು ಅಳುತ್ತಿದ್ದಳು.

"ನಾಕನೇದವ್ವಾ ಇದು! ನಾಕನೇದು! ಯಾವ ಜನ್ಮದ ಪಾಪನೋ!"

ದೊಡ್ಡ ಮೇಡಂ ಕೈಗವಸು ತೆಗೆಯುತ್ತಿದ್ದವರು ಅಲ್ಲಿಗೇ ನಿಂತರು. ಕೇಸ್ ಶೀಟ್ ಕೇಳಿದರು. ನನ್ನ ಅಕ್ಷರದಲ್ಲಿ 'ಮೊದಲ ಬಸುರು' ಎಂದಿತ್ತು. ಹಾಳೆ ತಿರುವಿದರು. ತೆಳುವಾದ ಪಾಸಿಟಿವ್, ಅದರ ಮುಂದೆ ಎರಡನೆಯ ಪರೀಕ್ಷೆಯ ಜಾಗ ಖಾಲಿ.

"ತಿಮ್ಮಕ್ಕ, ಮೊದಲ್ನೇದು ಅಂತ ಯಾಕ ಹೇಳಿದ್ರಿ?" ನಾನು ಬಾಗಿಲಿಗೆ ಹೋಗಿ ಕೇಳಿದೆ.

"ಹೋದವನ್ನ ಎಣಸಬಾರದ್ರಿ ನಮ್ಮ ಕಡಿ. ಎಣಿಸಿದ್ರ ಇದ್ದದ್ದಕ್ಕ ದಿಟ್ಟಿ ಆಗ್ತೈತಿ."

ನನಗೆ ಅದು ಗೊತ್ತಿತ್ತು! ಆಲೂರಿನಲ್ಲಿ ನಮ್ಮವ್ವನೂ ಹಾಗೆಯೇ, ಎಷ್ಟು ಮಕ್ಕಳು ಅಂದರೆ ಬದುಕಿದ್ದ ನಮ್ಮ ನಾಲ್ವರನ್ನಷ್ಟೇ ಹೇಳುತ್ತಿದ್ದಳು. ಆ ನೆಲದಲ್ಲೇ ಹುಟ್ಟಿ ಬೆಳೆದವಳು ನಾನು, ಬಿಳಿ ಸೀರೆ ಉಟ್ಟ ಮೇಲೆ ಅದನ್ನೇ ಮರೆತಿದ್ದೆ. ದೊಡ್ಡ ಮೇಡಂ ಅವತ್ತು ಬೈಯಲಿಲ್ಲ. ಶೀಟನ್ನು ನನ್ನ ಕೈಗೆ ಕೊಟ್ಟು, "ಇದನ್ನ ನೀನ ಇಟ್ಕೋ," ಎಂದು ಹೊರಟುಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನದಿಂದ ನನ್ನ ಪ್ರಶ್ನೆ ಬದಲಾಯಿತು. ಅತ್ತೆ, ಅವ್ವ, ನಾದಿನಿ ಎಲ್ಲರನ್ನೂ ಹೊರಗೆ ಕೂರಿಸಿ ಹುಡುಗಿಯನ್ನು ಒಬ್ಬಳೇ ಕರೆದು ಕೇಳುತ್ತಿದ್ದೆ. "ಮದುವಿ ಆದಾಗಿಂದ ಹೊರಗಾಗೋದು ಎಷ್ಟು ಸಲ ನಿಂತಿತ್ತು? ಪ್ರತಿ ಸಲ ಎಷ್ಟು ತಿಂಗಳಿಗಿ ಏನಾತು?" ಹೀಗೆ ಕೇಳಿದರೆ ಯಾರಿಗೂ ದಿಟ್ಟಿಯಾಗುವುದಿಲ್ಲ, ಏಕೆಂದರೆ ನಾನು ಕೂಸುಗಳನ್ನು ಎಣಿಸಲು ಹೇಳಿಲ್ಲ, ತಿಂಗಳನ್ನು ಎಣಿಸಲು ಹೇಳಿದ್ದೇನೆ. ಹುಡುಗಿಯರೇ, ಈ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿ. ಉಳಿದದ್ದು ಪುಸ್ತಕದಲ್ಲಿದೆ.

ಉರುಕುಂದಮ್ಮನ ಎರಡನೆಯ ಪರೀಕ್ಷೆ ಮಾಡಿಸಿದಾಗ ಲೈಂಗಿಕ ರೋಗ ಇಲ್ಲವೇ ಇಲ್ಲ ಎಂದು ಬಂತು. ದೊಡ್ಡ ಮೇಡಂ ನನ್ನನ್ನು ಕೂರಿಸಿ ವಿವರಿಸಿದರು. ಕೆಲವರ ಮೈ ತನ್ನ ವಿರುದ್ಧವೇ ಒಂದು ಬಗೆಯ ಪ್ರತಿಕಾಯ ಮಾಡಿಕೊಳ್ಳುತ್ತದೆ. ರಕ್ತ ಬೇಗ ಹೆಪ್ಪುಗಟ್ಟುತ್ತದೆ, ತಾಯಿಯಿಂದ ಕೂಸಿಗೆ ಉಸಿರು, ಊಟ ಒಯ್ಯುವ ಮಾಸು ಕೆಡುತ್ತದೆ. ಬಸುರು ಇಳಿಯುವುದು, ಕೂಸು ಒಳಗೇ ಸಾಯುವುದು, ತಾಯಿಯ ಬಿ.ಪಿ. ಏರುವುದು, ಎಲ್ಲಕ್ಕೂ ಅದೇ ಮೂಲ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದು ಅದರ ಹೆಸರು. ಅದೇ ಪ್ರತಿಕಾಯ ಆ ಹಳೆಯ ಲೈಂಗಿಕ ರೋಗದ ಪರೀಕ್ಷೆಯನ್ನೂ ಮೋಸ ಮಾಡಿ ಸುಳ್ಳು ಪಾಸಿಟಿವ್ ತೋರಿಸಬಲ್ಲದು. ಅಂದರೆ ನಾನು ಯಾವ ಕಾಗದ ಹಿಡಿದು ಮಲ್ಲಯ್ಯನ ಮಾನ ತೆಗೆದಿದ್ದೆನೋ, ಅದೇ ಕಾಗದ ಖರೇ ರೋಗದ ಸುಳಿವು ಕೊಟ್ಟಿತ್ತು. ಐದನೆಯ ತಿಂಗಳಲ್ಲೇ ಕೊಟ್ಟಿತ್ತು.

ಮಲ್ಲಯ್ಯನಿಗೆ ಫೋನ್ ಮಾಡಿ ಕರೆಸಿದೆ. ಯಾವ ಬಾಗಿಲಲ್ಲಿ ಬೈದಿದ್ದೆನೋ ಅಲ್ಲೇ, ಜನ ಕೂತಿರುವಾಗಲೇ ಹೇಳಿದೆ. "ತಮ್ಮಾ, ತಪ್ಪು ನಂದು. ನಿನಗ ಯಾವ ರೋಗನೂ ಇಲ್ಲ, ಆಕಿಗೂ ಅದಿಲ್ಲ. ಗಟ್ಟಿಯಾಗಿ ಬೈದಿದ್ದೆ, ಗಟ್ಟಿಯಾಗೇ ಹೇಳಾಕತ್ತೀನಿ."

ಅವನು ನೆಲ ನೋಡುತ್ತ ನಿಂತ. "ನೀವು ಅಂದದ್ದು ಹೋಗ್ಲಿ ಬಿಡ್ರಿ. ಸಿಟ್ಟಿಗಿ ನಾನು ಎರಡು ತಿಂಗಳು ಆಕಿನ್ನ ಕರ್ಕೊಂಡು ಬರಲಿಲ್ಲ ನೋಡ್ರಿ. ಅದು ಕರುಳು ಕೊರೀತೈತಿ."

ನನಗೆ ಅಳು ಬಂತು. ಅತ್ತುಬಿಟ್ಟೆ. ಅದರಲ್ಲೇನು ನಾಚಿಕೆ?

ಆ ರೋಗ ಇದೆಯೆಂದು ಹೇಳಲು ಒಂದು ಸಲದ ರಕ್ತ ಸಾಲದು. ಹನ್ನೆರಡು ವಾರ ಬಿಟ್ಟು ಇನ್ನೊಂದು ಸಲ ನೋಡಬೇಕು. ಮೊದಲನೆಯದು ಪಾಸಿಟಿವ್ ಬಂತು. ಹನ್ನೆರಡು ವಾರ ತುಂಬುವ ಹೊತ್ತಿಗೆ ಮೆಣಸಿನಕಾಯಿ ಸುಗ್ಗಿ, ಊರಿಗೆ ಊರೇ ಬೀಗ ಹಾಕಿ ಗುಂಟೂರಿಗೆ ಹೋಗಿತ್ತು. ಮಲ್ಲಯ್ಯನ ಫೋನ್ ಹತ್ತಲಿಲ್ಲ, ನಾನು ಕೂಲಿ ಮೇಸ್ತ್ರಿಯ ನಂಬರ್ ಹುಡುಕಿ ದಿನ ಬಿಟ್ಟು ದಿನ ಫೋನ್ ಮಾಡಿದೆ. "ಏಮಮ್ಮಾ, ಮಾಕೇಂ ಪನಿ ಲೇದಾ," ಎಂದು ಅವನು ಬೈದ. ನಮಗೇನು ಕೆಲಸವಿಲ್ಲವೇ ಅಂತ. "ನಿನಗ ಕೆಲಸ ಐತಿ, ನನಗೂ ಇದ ಕೆಲಸ," ಅಂದೆ. ಹತ್ತು ದಿನದ ಮೇಲೆ ಉರುಕುಂದಮ್ಮ ರೈಲು ಹತ್ತಿ ಒಬ್ಬಳೇ ಬಂದು ನಿಂತಳು. ಬೆರಳ ತುದಿಗಳು ಖಾರಕ್ಕೆ ಕೆಂಪಾಗಿ ಬಾತಿದ್ದವು. ರಕ್ತ ಕೊಡುವಾಗ ಕೇಳಿದಳು. "ಸಿಸ್ಟರಮ್ಮ, ರೋಗ ಇದ್ರ ಚಲೋನೋ, ಇಲ್ದಿದ್ರ ಚಲೋನೋ?"

"ಇದ್ದು ಹೆಸರು ಗೊತ್ತಾದ್ರ ಚಲೋ," ಅಂದೆ. ಅದಕ್ಕಿಂತ ಒಳ್ಳೆಯ ಉತ್ತರ ಈಗಲೂ ನನಗೆ ಹೊಳೆದಿಲ್ಲ.

ಎರಡನೆಯದೂ ಪಾಸಿಟಿವ್. ಬಸುರಾಗುವ ಮೊದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ ಶುರು. ಬಸುರು ನಿಂತು ಸ್ಕ್ಯಾನಿನಲ್ಲಿ ಎದೆಬಡಿತ ಕಂಡ ಮೇಲೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇಂಜೆಕ್ಷನ್, ದಿನಕ್ಕೊಂದು, ಹೊಟ್ಟೆಯ ಚರ್ಮದ ಕೆಳಗೆ, ಹೆರಿಗೆಯ ತನಕ. "ಹತ್ತು ಜನರಾಗ ಹತ್ತೂ ಮಂದಿ ಗೆಲ್ತಾರ ಅಂತ ಇಲ್ಲ," ಎಂದು ದೊಡ್ಡ ಮೇಡಂ ಮೊದಲೇ ಹೇಳಿದರು. "ಆದ್ರ ಔಷಧ ಇಲ್ದಿದ್ರ ಏನಾಗ್ತೈತಿ ಅಂತ ನೀನ ನಾಕು ಸಲ ನೋಡೀದಿ."

"ನಾನು ತಗೋತೀನ್ರಿ," ಅಂದಳು ಉರುಕುಂದಮ್ಮ. ದನಿ ಸಣ್ಣದು, ನಡುಕವಿರಲಿಲ್ಲ.

ಐದನೆಯ ಬಸುರು ನಿಂತಿತು, ಪುಟ್ಟ ಎದೆ ಪಟಪಟ ಬಡಿಯುವುದೂ ಕಂಡಿತು. ಈಗ ದಿನಾ ಸೂಜಿ ಚುಚ್ಚುವವರು ಯಾರು? ದಿನಾ ಆದವಾನಿಗೆ ಬಂದುಹೋಗುವುದು ಆಗದ ಮಾತು. ಆಕೆಗೇ ಕಲಿಸಬೇಕೆಂದು ಹಟ ಹಿಡಿದೆ. ನಾವು ನರ್ಸಿಂಗ್ ಶಾಲೆಯಲ್ಲಿ ಹಣ್ಣಿಗೆ ಚುಚ್ಚಿ ಕಲಿತವರು. ಹೊರಗಿನ ಬಂಡಿಯಿಂದ ಒಂದು ನಿಂಬೆಹಣ್ಣು ತರಿಸಿ, ಮಡಿಕೆ ಹಿಡಿಯುವುದು, ನೇರ ಚುಚ್ಚುವುದು, ನಿಧಾನ ಒತ್ತುವುದು, ಹತ್ತು ಎಣಿಸಿ ತೆಗೆಯುವುದು ಎಲ್ಲ ತೋರಿಸಿದೆ. ಜಾಣೆ, ಅರ್ಧ ಗಂಟೆಯಲ್ಲಿ ಕಲಿತಳು. "ಮನ್ಯಾಗ ಖಾಲಿ ಸೂಜೀಲೆ ಇನ್ನೊಂದೆರಡು ಸಲ ಮಾಡಿ ನೋಡು," ಎಂದು ಹದಿನೈದು ದಿನದ ಇಂಜೆಕ್ಷನ್ನಿನ ಜೊತೆ ಆ ನಿಂಬೆಹಣ್ಣನ್ನೂ ಚೀಲಕ್ಕೆ ಹಾಕಿ ಕಳಿಸಿದೆ.

ನನ್ನಂಥ ಪೆದ್ದಿ ಇಡೀ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ನಮ್ಮ ಸೀಮೆಯಲ್ಲಿ ಸೂಜಿ ಚುಚ್ಚಿದ ನಿಂಬೆಹಣ್ಣು ಎಂದರೆ ಏನೆಂದು ತೊಟ್ಟಿಲ ಕೂಸಿಗೂ ಗೊತ್ತು.

ನಾಲ್ಕು ದಿನದ ಮೇಲೆ ಬೆಳಿಗ್ಗೆ ಫೋನ್ ಬಂತು. ಉರುಕುಂದಮ್ಮ ಅಳುತ್ತಿದ್ದಳು. "ಸಿಸ್ಟರಮ್ಮ, ಅತ್ತಿ ಮಂಚದ ಬುಡಕ ಹಣ್ಣು ನೋಡಿಬಿಟ್ಲರಿ. ಅವತ್ತು ಅಮಾಸಿ ಬ್ಯಾರೆ. ಯಾರೋ ಮಾಟ ಮಾಡ್ಸ್ಯಾರ ಅಂತ ಸೂಜಿ ಚೀಲ ಎಲ್ಲ ಒಯ್ದು ಹಳ್ಳಕ್ಕ ಒಗದು ಬಂದಾಳ. ಫೋನೂ ಕಸ್ಕೊಂಡಿದ್ಲು. ಮೂರು ದಿನ ಆತ್ರಿ ಸೂಜಿ ಇಲ್ಲ."

ದೊಡ್ಡ ಮೇಡಂಗೆ ಹೇಳಿದೆ. ಮೊದಲು ತೆಲುಗಿನಲ್ಲಿ ಬೈದರು, ಆಮೇಲೆ ನಕ್ಕರು, ಆಮೇಲೆ ಹೊಸ ಇಂಜೆಕ್ಷನ್ ತೆಗೆದುಕೊಟ್ಟರು. "ನಿಂಬೆಹಣ್ಣು ಕೊಟ್ಟಾಕಿ ನೀನ, ಹೋಗಿ ಸರಿ ಮಾಡಾಕಿನೂ ನೀನ. ಇವತ್ತ ಹೋಗು."

ಕೋಸಗಿಯ ತನಕ ಬಸ್ಸು, ಅಲ್ಲಿಂದ ಆಟೋ. ಹೊಸ್ತಿಲ ಮುಂದೆ ಬೇವಿನ ಸೊಪ್ಪು, ಉಪ್ಪು ಚೆಲ್ಲಿತ್ತು. ತಿಮ್ಮಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಳಗ ಬರಬ್ಯಾಡ್ರಿ. ನೀವ ಅಂತಲ್ಲ ಹಣ್ಣು ಕೊಟ್ಟಾಕಿ! ನಾಕು ಕೂಸು ಹೋದ್ವು, ಈ ಸಲ ಬಸುರಿನ ಮ್ಯಾಲೆ ಸೂಜಿ ಚುಚ್ಚಾಕ ಹತ್ತೀರಿ. ಕೂಸಿಗಿ ಹತ್ತಿದ್ರ?"

ನನಗೆ ಸಿಟ್ಟು ನೆತ್ತಿಗೇರಿತು. ಮೂರು ದಿನದ ಔಷಧ ಹಳ್ಳದಲ್ಲಿ! ಬಾಯಿಗೆ ಬಂದ ಮಾತನ್ನು ನುಂಗಿದೆ. ಈ ಮನೆಯವರ ಮೇಲೆ ಒಂದು ಸಲ ಬಾಯಿ ಬಿಟ್ಟು ಆದದ್ದು ಸಾಕಿತ್ತು. ಕಟ್ಟೆಯ ಮೇಲೆ ಕೂತು ಕೇಳಿದೆ. "ತಿಮ್ಮಕ್ಕ, ನಿಮಗ ಹೊರಗಾಗೋದು ಎಷ್ಟು ಸಲ ನಿಂತಿತ್ತು?"

"ಅದ್ಯಾಕ ಈಗ?"

"ಹಿಂಗ ಕೇಳಿದೆ, ಹೇಳ್ರಿ."

ಆಕೆ ಬೆರಳು ಮಡಚಿ ಎಣಿಸಿದಳು. "ಐದು," ಅಂದಳು. "ಮೂರು ಬದುಕ್ಯಾವ. ಒಂದು ಆರು ತಿಂಗಳಿಗಿ ಇಳಿದು ಹೋತು. ಒಂದು ಹುಟ್ಟಿ ಮೂರು ದಿನ ಇತ್ತು. ಬೇವಿನ ಗಿಡದ ಬುಡಕ ನಾನ ಮಣ್ಣು ಮಾಡಿದೆ. ಇವತ್ತಿನ ತನಕ ಯಾರೂ ಕೇಳಿರಲಿಲ್ಲ ನೋಡ್ರಿ." ಹೇಳುತ್ತ ಬಾಗಿಲು ಬಿಟ್ಟು ಬಂದು ನನ್ನ ಪಕ್ಕ ಕೂತಳು. ಇಬ್ಬರೂ ಕಣ್ಣೊರೆಸಿಕೊಂಡೆವು.

ಆಮೇಲೆ ನಾನು ಹೇಳಿದೆ. "ಹೊಲಕ್ಕ ನೀರು ಹೋಗೋ ಕಾಲುವಿಗಿ ಹೂಳು ತುಂಬಿದ್ರ ಪೈರು ಒಣಗ್ತೈತಿ. ಹೊಲದ್ದೂ ತಪ್ಪಲ್ಲ, ಬೀಜದ್ದೂ ತಪ್ಪಲ್ಲ. ಈ ಸೂಜಿ ಕಾಲುವಿ ತೆರೆದು ಇಡಾಕ. ದಿನಾ ಬೇಕು."

"ಕೂಸಿಗಿ ಹತ್ತಂಗಿಲ್ಲೇನು?"

ಚೀಲದಲ್ಲಿ ಬರೀ ಸಲೈನಿನ ಒಂದು ಸಣ್ಣ ಸಿರಿಂಜು ಇಟ್ಟುಕೊಂಡು ಹೋಗಿದ್ದೆ. ಒಳಗೆ ಹೋಗಿ, ಸೆರಗು ಸರಿಸಿ, ನನ್ನ ಹೊಟ್ಟೆಯ ಮಡಿಕೆ ಹಿಡಿದು ಆಕೆಯ ಕಣ್ಣೆದುರೇ ಚುಚ್ಚಿಕೊಂಡೆ. "ನೋಡ್ರಿ, ಸೂಜಿ ಇಷ್ಟ ಉದ್ದ. ಚರ್ಮ ದಾಟಂಗಿಲ್ಲ."

"ನಿಮ್ಮ ಹೊಟ್ಟಿ ದಪ್ಪ ಐತ್ರಿ," ಅಂದಳು ತಿಮ್ಮಕ್ಕ. "ಅದು ಕಡ್ಡಿ."

ಮೂಲೆಯಲ್ಲಿ ಕೂತಿದ್ದ ಉರುಕುಂದಮ್ಮ ನಕ್ಕುಬಿಟ್ಟಳು. ಆಕೆ ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಅತ್ತೆಯ ಮುಂದೆಯೇ ತಾನೇ ಸೂಜಿ ಹಾಕಿಕೊಂಡು ತೋರಿಸಿದಳು. ನಾನು ಮಾಡಿದ ಪ್ರದರ್ಶನದ ಸುದ್ದಿಯನ್ನು ದೊಡ್ಡ ಮೇಡಂಗೆ ಹೇಳಲಿಲ್ಲ. ನೀವ್ಯಾರೂ ಹಾಗೆ ಮಾಡಬೇಡಿ. ನಿಂಬೆಹಣ್ಣಿನ ಬದಲು ಅಂದಿನಿಂದ ನಾನು ಬದನೆಕಾಯಿ ಬಳಸತೊಡಗಿದೆ, ಚುಚ್ಚಿ ಆದ ಮೇಲೆ ಪಲ್ಯಕ್ಕೂ ಬರುವುದಿಲ್ಲ, ಮಾಟಕ್ಕೂ ಬರುವುದಿಲ್ಲ.

ಮರುದಿನವೇ ಸ್ಕ್ಯಾನಿಗೆ ಕರೆದುಕೊಂಡು ಬಂದರು. ಮೂರು ದಿನ ತಪ್ಪಿದ್ದಕ್ಕೆ ನಾನೂ ಸ್ಕ್ಯಾನ್ ಕೋಣೆಯೊಳಗೆ ಹೋಗಿ ನಿಂತೆ. ಪರದೆಯ ಮೇಲೆ ಕೂಸಿನ ಎದೆ ಬಡಿಯುತ್ತಿತ್ತು.

ತಿಮ್ಮಕ್ಕ ಒಲಿದ ಮೇಲೆ ವಿಪರೀತ ಒಲಿದಳು. ಮನೆಯಲ್ಲಿ ಫ್ರಿಜ್ ಇಲ್ಲ, ಬಿಸಿಲು ಕಲ್ಲು ಒಡೆಯುವಂಥದ್ದು. ಹೊಸ ಮಡಕೆಯೊಂದನ್ನು ಒದ್ದೆ ಮರಳಿನಲ್ಲಿ ಹೂತು, ಅದರೊಳಗೆ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಇಂಜೆಕ್ಷನ್. ಆ ಮಡಕೆಗೆ ವಿಭೂತಿಯನ್ನೂ ಹಚ್ಚಿದ್ದಳು. ಅಲ್ಲಿಯವರೆಗೆ ಚಲೋ. ತಿಂಗಳ ಮೇಲೆ ಉರುಕುಂದಮ್ಮ ಬಂದಾಗ ಹೊಟ್ಟೆಯ ತುಂಬ ಅಂಗೈಯಗಲದ ನೀಲಿ ಕಲೆಗಳು! ಪ್ಲೇಟ್ಲೆಟ್ ಬಿದ್ದಿತೋ ಎಂದು ಗಾಬರಿಯಾಗಿ ರಕ್ತ ಕಳಿಸಿದೆವು, ಸರಿಯಾಗಿತ್ತು. ಕೇಳಿದರೆ, ತಿಮ್ಮಕ್ಕ ದಿನಾ ಸೂಜಿ ಹಾಕಿದ ಜಾಗಕ್ಕೆ ಬಿಸಿ ಹರಳೆಣ್ಣೆ ಹಚ್ಚಿ ಗಸಗಸ ತಿಕ್ಕುತ್ತಿದ್ದಳಂತೆ, ಔಷಧ ಮೈಗೆ ಹತ್ತಲಿ ಅಂತ. ಇಂಜೆಕ್ಷನ್ ಕೊಟ್ಟು ಜಾಗ ತಿಕ್ಕುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಈ ಔಷಧಕ್ಕೆ ಅದು ಕೂಡದು, ಒಳಗೆ ರಕ್ತ ಒಸರುತ್ತದೆ. ತಿಕ್ಕಬಾರದೆಂದು ಹೇಳುವುದನ್ನು ನಾನೇ ಮರೆತಿದ್ದೆ. ನಿಂಬೆಹಣ್ಣು ಮೂರನೆಯದಾದರೆ ಇದನ್ನು ನಾಲ್ಕನೆಯ ತಪ್ಪೆಂದು ಬರೆದುಕೊಳ್ಳಿ.

ಮೆಣಸಿನಕಾಯಿ ಸುಗ್ಗಿ ಬಂತು. ಓಣಿಯ ಮನೆಗಳಿಗೆಲ್ಲ ಬೀಗ ಬಿತ್ತು. ಮಲ್ಲಯ್ಯ ಒಬ್ಬನೇ ಹೋದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ತಿಮ್ಮಕ್ಕ ಊರಲ್ಲಿ ಉಳಿದಳು, ಖಾಲಿ ಓಣಿಯಲ್ಲಿ ಸೊಸೆಯೊಬ್ಬಳನ್ನು ಕಾಯುತ್ತ. ಏಳನೆಯ ತಿಂಗಳು ಹತ್ತಿರ ಬಂದಂತೆ ನಮ್ಮೆಲ್ಲರ ನಿದ್ದೆ ಕೆಟ್ಟಿತು. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಕೂಸು ಎಷ್ಟು ಸಲ ಒದೆಯುತ್ತದೆಂದು ಎಣಿಸಿ ನನಗೆ ಫೋನ್ ಮಾಡಬೇಕೆಂದು ಹೇಳಿದ್ದೆ. ದಿನಾ ಎರಡು ಗಂಟೆಗೆ ಫೋನ್. "ಇವತ್ತು ಹನ್ನೆರಡು ಸಲ ಒದ್ದೈತ್ರಿ." ಒಂದು ದಿನ ಫೋನ್ ಬರಲಿಲ್ಲ. ಮೂರಾಯಿತು, ನಾಲ್ಕಾಯಿತು, ಸ್ವಿಚ್ ಆಫ್. ನಾನು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಹೊರಟಾಗ ಬೇರೆ ನಂಬರಿನಿಂದ ತಿಮ್ಮಕ್ಕನ ದನಿ. "ಕರೆಂಟು ಇಲ್ರಿ, ಫೋನ್ ಸತ್ತೈತಿ. ಕೂಸು ಮಾತ್ರ ಜೋರೈತಿ, ನಾನ ಕೈ ಇಟ್ಟು ನೋಡೀನಿ." ಬಸ್‌ಸ್ಟ್ಯಾಂಡಿನ ಹಾದಿಯಲ್ಲೇ ಒಂದು ಕಲ್ಲಿನ ಮೇಲೆ ಕೂತು ನೀರು ಕುಡಿದೆ.

ಏಳು ದಾಟಿತು. ಎಂಟು ಮುಗಿದ ಮೇಲೆ ಬಿ.ಪಿ. ಸ್ವಲ್ಪ ಏರಿತು, ಸ್ಕ್ಯಾನಿನಲ್ಲಿ ಕೂಸಿನ ಬೆಳವಣಿಗೆ ಹಿಂದೆ ಬಿದ್ದಿತ್ತು. ದೊಡ್ಡ ಮೇಡಂ ತಕ್ಷಣ ದಾಖಲು ಮಾಡಿಕೊಂಡರು. ದಿನ ಬಿಟ್ಟು ದಿನ ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡಿ, ಇನ್ನೊಂದು ದಿನ ಒಳಗಿರಲಿ, ಇನ್ನೊಂದು ದಿನ ಇರಲಿ ಎಂದು ತಡೆದು ತಡೆದು, ಮೂವತ್ತಾರು ವಾರ ದಾಟಿಸಿದರು. ಒಂದು ಬೆಳಿಗ್ಗೆ ಸ್ಕ್ಯಾನ್ ನೋಡಿ, "ಇನ್ನ ಒಳಗ ಇರೋದಕ್ಕಿಂತ ಹೊರಗ ಚಲೋ. ಇವತ್ತಿನ ಸೂಜಿ ಬಿಡು, ನಾಳೆ ಆಪರೇಷನ್," ಅಂದರು. ಆ ಔಷಧ ಮೈಯಲ್ಲಿದ್ದಾಗ ಬೆನ್ನಿಗೆ ಅರಿವಳಿಕೆಯ ಮದ್ದು ಕೊಡುವಂತಿಲ್ಲ, ರಕ್ತವೂ ಹೆಚ್ಚು ಹೋದೀತು. ಅದಕ್ಕೇ ಪೂರಾ ಒಂದು ದಿನದ ಅಂತರ. ಮಲ್ಲಯ್ಯ ಗುಂಟೂರಿನಿಂದ ಹೊರಟು ಬೆಳಗಿನ ರೈಲಿಗೆ ಬಂದಿಳಿದ.

ಹತ್ತೂವರೆಗೆ ಕೂಸನ್ನು ಹೊರಗೆ ತೆಗೆದರು. ಹೆಣ್ಣು. ನನ್ನ ಕೈಗೆ ಕೊಟ್ಟಾಗ ಒಂದು ಗಳಿಗೆ ಸದ್ದಿಲ್ಲ. ನಾನು ಬೆನ್ನು ಒರೆಸಿದೆ, ಬಾಯಿ ಮೂಗು ಸ್ವಚ್ಛ ಮಾಡಿದೆ, ಅಂಗಾಲು ತಟ್ಟಿದೆ. ಅಳು ತಾಯಿ, ಅಳು ನಮ್ಮವ್ವಾ ಎಂದು ಬಾಯಲ್ಲಿ ಅಂದೆನೋ ಮನಸ್ಸಿನಲ್ಲಿ ಅಂದೆನೋ ನೆನಪಿಲ್ಲ. ಅತ್ತಳು. ಸಣ್ಣ ಮೈಯಿಂದ ಎಂಥ ದನಿ! ಒಂದು ಕಿಲೋ ಒಂಬೈನೂರು ಗ್ರಾಂ. ನಾನು ಮೂವತ್ತೊಂದು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಕೂಸು ಎತ್ತಿಕೊಂಡಿದ್ದೇನೆ, ತೂಕವನ್ನು ಎರಡೆರಡು ಸಲ ನೋಡಿದ್ದು ಅವತ್ತೇ. ದೊಡ್ಡ ಮೇಡಂ ಹೊಲಿಗೆ ಹಾಕುತ್ತ, ತಲೆ ಎತ್ತದೆ, ಕನ್ನಡದಲ್ಲಿ "ಚಲೋ ಆತು ಬಿಡು," ಅಂದರು.

ಹುಡುಗಿಯರೇ, ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಕೂಸು ಹೊರಬಂದ ಮೇಲೆ ರಕ್ತ ಇನ್ನೂ ಬೇಗ ಹೆಪ್ಪುಗಟ್ಟುವ ಕಾಲ. ಕಾಲಿನಲ್ಲಿ ಗಟ್ಟಿಯಾದದ್ದು ಶ್ವಾಸಕೋಶಕ್ಕೆ ಹೋದರೆ ಬಾಣಂತಿ ನೋಡನೋಡುತ್ತ ಹೋಗುತ್ತಾಳೆ. ಹಾಗಾಗಿ ಇನ್ನೂ ಆರು ವಾರ ಅದೇ ಸೂಜಿ.

ಮರುದಿನ ಬೆಳಿಗ್ಗೆ ಟ್ರೇ ಹಿಡಿದು ಹೋದೆ. ತಿಮ್ಮಕ್ಕ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಟ್ರೇ ನೋಡಿ ಕೈ ಅಡ್ಡ ಹಿಡಿದಳು.

"ಮತ್ತ ಯಾಕ್ರಿ ಸಿಸ್ಟರಮ್ಮ? ಕೂಸು ಕೈಗಿ ಬಂತಲ್ಲ. ಹಸಿ ಮೈ ಐತಿ, ಕೊಯ್ದ ಹೊಟ್ಟಿ. ಇನ್ನ ಸಾಕು ಬಿಡ್ರಿ ಆಕಿನ್ನ."

ಬಾಗಿಲಲ್ಲಿ ನಿಂತಿದ್ದ ಮಲ್ಲಯ್ಯನೂ ತಲೆಯಾಡಿಸಿದ. ಏಳು ತಿಂಗಳು ದಿನಾ ಚುಚ್ಚಿಕೊಂಡ ಹೆಂಡತಿಯ ಮೇಲೆ ಅವನಿಗೂ ಮರುಕ. ನಾನು ಕಾಲಿನ ರಕ್ತನಾಳ, ಶ್ವಾಸಕೋಶ ಎಂದು ಪಾಠ ಶುರು ಮಾಡಲು ಬಾಯಿ ತೆರೆದೆ.

"ಕೊಡ್ರಿ ಇಲ್ಲಿ," ಅಂದಳು ಉರುಕುಂದಮ್ಮ ಮಲಗಿದಲ್ಲಿಂದಲೇ, ಕೈ ಚಾಚಿ. "ಹೊಟ್ಟಿಗಿ ಬ್ಯಾಡಾದ್ರ ತೊಡಿಗಿ ಹಾಕ್ಕೋತೀನಿ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಇಷ್ಟು ದಿನ ಚುಚ್ಚಿಕೊಂಡದ್ದು ಅದರ ಸಲುವಾಗಿ. ಇದು ನನಗ. ನನಗೂ ಬದುಕಬೇಕು ಅನಸ್ತೈತಿ."

ತಿಮ್ಮಕ್ಕ ಸೊಸೆಯ ಮುಖವನ್ನೇ ನೋಡಿದಳು. ಕೈ ತೆಗೆದಳು, ಹೊದಿಕೆ ಸರಿಸಿಕೊಟ್ಟಳು. ಐದು ಸಲ ಬಸುರಾದ ಆ ಹೆಣ್ಣು ತನಗೆಂದು ಏನಾದರೂ ಬೇಕು ಅಂದದ್ದನ್ನು ನಾವ್ಯಾರೂ ಅದುವರೆಗೆ ಕೇಳಿರಲಿಲ್ಲ. ನಾನು ಸೂಜಿಯ ಮುಚ್ಚಳ ತೆಗೆದು ಆಕೆಯ ಕೈಗೆ ಕೊಟ್ಟೆ.